ಹದಿನೈದು ದೇಶ ಕೊಂಡ ವರ್ಷ, ಹತ್ತು ವರ್ಷ ಮಲಗಿದ ಷೇರು

ಪ್ರಶ್ನೆ: ನಾನು ಹಾಸನದ ನಿವೃತ್ತ ಉಪನ್ಯಾಸಕಿ. ನನ್ನ ಯಜಮಾನರು 2002ರಲ್ಲಿ ಭಾರ್ತಿ ಟೆಲಿ-ವೆಂಚರ್ಸ್ ಸಾರ್ವಜನಿಕರಿಗೆ ಷೇರು ನೀಡಿದಾಗ ತಲಾ 45 ರೂಪಾಯಿಗೆ ಒಂದಿಷ್ಟು ಕೊಂಡಿದ್ದರು. ಅದೇ ಕಂಪನಿ ಈಗ ಭಾರ್ತಿ ಏರ್‌ಟೆಲ್. ಅವರು ತೀರಿಕೊಂಡ ಮೇಲೆ ಕಪಾಟಿನಲ್ಲಿ ವಾರ್ಷಿಕ ವರದಿಗಳ ಕಟ್ಟು ಸಿಕ್ಕಿತು. 2010-11ರ ವರದಿಯಲ್ಲಿ ಆಫ್ರಿಕಾದ ದೇಶಗಳು, ಬಾಂಗ್ಲಾದೇಶ, ಹೊಸ ಲಾಂಛನ, 3ಜಿ ಪರವಾನಗಿ ಎಲ್ಲದರ ಕೆಳಗೂ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ. ಆದರೆ ಆ ವರ್ಷ ಮುನ್ನೂರರ ಆಸುಪಾಸಿನಲ್ಲಿದ್ದ ಬೆಲೆ 2019ರ ಆರಂಭದಲ್ಲೂ ಅಲ್ಲೇ ಇತ್ತು. ಆಫ್ರಿಕಾಕ್ಕೆ ಹೋಗಿದ್ದೇ ಕಂಪನಿಗೆ ಮುಳುವಾಯಿತೇ? ಹಾಗಿದ್ದರೆ ಆಮೇಲೆ ಬೆಲೆ ಇಷ್ಟೇಕೆ ಏರಿತು? ಲಂಡನ್ನಿನಲ್ಲಿ ಏರ್‌ಟೆಲ್ ಆಫ್ರಿಕಾದ ಷೇರು ಬೇರೆಯಾಗಿ ಸಿಗುತ್ತದೆ, ಅದನ್ನೂ ಕೊಳ್ಳಿ ಎಂದು ನನ್ನ ಅಣ್ಣನ ಮಗ ಹೇಳುತ್ತಿದ್ದಾನೆ. ನಾನು ಇಟ್ಟುಕೊಳ್ಳಬೇಕೇ, ಮಾರಬೇಕೇ? ಇಂಥ ವರದಿಗಳನ್ನು ಓದುವುದು ಹೇಗೆ?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಎರಡು ಚಿಂತೆಗಳಿವೆ. ಯಜಮಾನರು ನಂಬಿದ ಕಥೆ ಸುಳ್ಳಾಗಿತ್ತೇ ಎಂಬುದು ಒಂದು. ಈಗ ಕೈಯಲ್ಲಿರುವುದನ್ನು ಏನು ಮಾಡಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದು ಅರ್ಧ ಸಲೀಸು. ಹಾಗಾಗಿ ಆ 2010ಕ್ಕೇ ಹೋಗೋಣ. ಟೆಲಿಕಾಂ ಕಂಪನಿಗಳ ಲೆಕ್ಕಪತ್ರ ನೋಡುವುದು ನನ್ನ ಕಸುಬು. ಹೊಸಬರಿಗೆ ಪಾಠ ಹೇಳುವಾಗ ನಾನು ಮೊದಲು ಎತ್ತಿಕೊಳ್ಳುವ ವರದಿಯೂ ಅದೇ.

ಆ ಹೊತ್ತಿನ ಸನ್ನಿವೇಶ ನೆನಪಿಸಿಕೊಳ್ಳಿ. 2009ರ ಜೂನ್‌ನಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಲೆಕ್ಕದಲ್ಲಿ ಮಾರುಕಟ್ಟೆಗೆ ಇಳಿಯಿತು. ಉಳಿದವರೆಲ್ಲ ದರ ಇಳಿಸಲೇಬೇಕಾಯಿತು. ದೇಶವನ್ನು ಹಂಚಿದ ಒಂದೊಂದು ಟೆಲಿಕಾಂ ವಲಯದಲ್ಲಿ ಹತ್ತು ಹನ್ನೆರಡು ಕಂಪನಿಗಳು ಜಗಳಕ್ಕೆ ನಿಂತಿದ್ದವು. ಏರ್‌ಟೆಲ್ ಇಂಥ ಹೊತ್ತಿನಲ್ಲಿ ಹೊರಗೆ ದಾರಿ ಹುಡುಕುತ್ತಿತ್ತು. ದಕ್ಷಿಣ ಆಫ್ರಿಕಾದ ಎಂಟಿಎನ್ ಎಂಬ ಮೊಬೈಲ್ ಕಂಪನಿಯ ಜೊತೆ 2008ರಲ್ಲೊಮ್ಮೆ, 2009ರಲ್ಲೊಮ್ಮೆ ನಡೆದ ಮಾತುಕತೆ ಎರಡೂ ಸಲ ಮುರಿದುಬಿತ್ತು. ಬೇರೆ ಊರಿನಿಂದ ಬಂದು ಕೊಂಡು ಬೆಳೆಯುವುದು ಈ ಕಂಪನಿಗೆ ಹೊಸದೇನಲ್ಲ ಎಂಬುದನ್ನು ನಾವು ಕರ್ನಾಟಕದವರು ಬಲ್ಲೆವು. 1999ರಲ್ಲಿ ಜೆಟಿ ಮೊಬೈಲ್ಸ್ ಅನ್ನು ವಶಕ್ಕೆ ಪಡೆದೇ ಅದು ನಮ್ಮ ರಾಜ್ಯಕ್ಕೆ ಕಾಲಿಟ್ಟಿತ್ತು.

ಇನ್ನು 2010. ಜನವರಿಯಲ್ಲಿ ಬಾಂಗ್ಲಾದೇಶದ ವಾರಿದ್ ಟೆಲಿಕಾಂನಲ್ಲಿ 70 ಶೇಕಡಾ ಪಾಲು, 30 ಕೋಟಿ ಡಾಲರ್ ಹೂಡುವ ವಾಗ್ದಾನದೊಂದಿಗೆ. ಮಾರ್ಚ್ 30ಕ್ಕೆ ಕುವೈತಿನ ಜೈನ್ ಕಂಪನಿಯ ಆಫ್ರಿಕಾ ವ್ಯವಹಾರ ಕೊಳ್ಳುವ ಒಪ್ಪಂದ, ಜೂನ್ 8ಕ್ಕೆ ಹಸ್ತಾಂತರ: ನೈಜೀರಿಯಾ, ಕೀನ್ಯಾ, ಘಾನಾ, ಜಾಂಬಿಯಾ, ಕಾಂಗೋ ಸೇರಿ ಹದಿನೈದು ದೇಶ, ಸುಮಾರು 4.2 ಕೋಟಿ ಗ್ರಾಹಕರು. ಮೇ ತಿಂಗಳಲ್ಲಿ 13 ವಲಯಗಳ 3ಜಿ ತರಂಗಾಂತರಕ್ಕೆ 12,295 ಕೋಟಿ ರೂಪಾಯಿ. ಜೂನ್‌ನಲ್ಲಿ ಕರ್ನಾಟಕವೂ ಸೇರಿದಂತೆ ನಾಲ್ಕು ವಲಯಗಳ ಬ್ರಾಡ್‌ಬ್ಯಾಂಡ್ ತರಂಗಾಂತರಕ್ಕೆ 3,314 ಕೋಟಿ. ಆಗಸ್ಟ್‌ನಲ್ಲಿ ಸೆಷೆಲ್ಸ್ ದ್ವೀಪಗಳ ಒಂದು ಸಣ್ಣ ಕಂಪನಿ. ನವೆಂಬರ್‌ನಲ್ಲಿ ಹೊಸ ಲಾಂಛನ, ಎ.ಆರ್. ರೆಹಮಾನ್ ಅವರ ರಾಗಕ್ಕೆ ಹೊಸ ರೂಪ. ವರ್ಷ ಮುಗಿಯುವಾಗ 19 ದೇಶ, 22 ಕೋಟಿ ಗ್ರಾಹಕರು. ನಿಮ್ಮ ಯಜಮಾನರ ಪೆನ್ಸಿಲ್ ಸುಮ್ಮನೆ ಓಡಿದ್ದಲ್ಲ.

ಆದರೆ ಅದೇ ವರದಿಯಲ್ಲಿ ಹಿಂದಿನ ಹಾಳೆಗಳನ್ನು ತಿರುವಿದರೆ ಗೆರೆ ಬೀಳದ ಇನ್ನೊಂದು ಕಥೆ ಇದೆ. ಆದಾಯ ಸುಮಾರು 42,000 ಕೋಟಿಯಿಂದ 59,000 ಕೋಟಿ ದಾಟಿತು. ನಿವ್ವಳ ಲಾಭ ಮಾತ್ರ ಸುಮಾರು 9,000 ಕೋಟಿಯಿಂದ 6,000 ಕೋಟಿಗೆ ಇಳಿಯಿತು. ಹಿಂದಿನ ವರ್ಷ ನಿವ್ವಳ ಸಾಲ ಹೆಸರಿಗಷ್ಟೇ ಇದ್ದ ಕಂಪನಿಯ ತಲೆಯ ಮೇಲೆ ಈಗ 60,000 ಕೋಟಿ ರೂಪಾಯಿಯ ಆಸುಪಾಸು ಸಾಲ. ಕೊಂಡ ಸುದ್ದಿ ಒಂದೇ ವರ್ಷದಲ್ಲಿ ಬಂದು ಮುಗಿಯುತ್ತದೆ, ಅದರ ಖರ್ಚು ಮುಂದಿನ ಹತ್ತು ವರ್ಷಗಳ ವರದಿಗಳಲ್ಲಿ ಚದುರಿ ಕೂತಿರುತ್ತದೆ. ವರ್ಷದ ಬೆಳವಣಿಗೆಗಳ ಪಟ್ಟಿ ಓದುವಾಗ ಹೂಡಿಕೆದಾರರು ಎಡವುವುದು ಇಲ್ಲೇ.

ಈಗ ಜನ ಹೇಳುವ ಮಾತುಗಳಲ್ಲಿ ಯಾವುದು ದಿಟ, ಯಾವುದು ಅಲ್ಲ ನೋಡೋಣ.

'1,070 ಕೋಟಿ ಡಾಲರ್ ಕೊಟ್ಟು ಕೊಂಡರು' ಎಂಬುದು ಪೂರ್ತಿ ಸರಿಯಲ್ಲ. ಅದು ಸಾಲವನ್ನೂ ಸೇರಿಸಿ ಕಟ್ಟಿದ ಒಟ್ಟು ಮೌಲ್ಯ. ಅದರಲ್ಲಿ 170 ಕೋಟಿ ಡಾಲರ್ ಜೈನ್ ಆಫ್ರಿಕಾದ ಮೇಲಿದ್ದ ಹಳೆಯ ಸಾಲ. ನಗದಾಗಿ ಕೊಡಬೇಕಿದ್ದುದು 900 ಕೋಟಿ: ಹಸ್ತಾಂತರದಂದು 830, ಒಂದು ವರ್ಷದ ನಂತರ 70. ಆ ಹಣದ ಬಹುಪಾಲು ಬ್ಯಾಂಕುಗಳ ಡಾಲರ್ ಸಾಲ. ಮೊತ್ತದ ಈ ವ್ಯತ್ಯಾಸಕ್ಕಿಂತ ಮುಖ್ಯವಾದುದು 'ಡಾಲರ್' ಎಂಬ ಪದ. ಅದಕ್ಕೆ ಮತ್ತೆ ಬರುತ್ತೇನೆ.

'ಭಾರತದಲ್ಲಿ ಗೆದ್ದ ಸೂತ್ರ ಅಲ್ಲೂ ಗೆಲ್ಲುತ್ತದೆ' ಎಂಬುದು ಆಗ ಕಂಪನಿಯೇ ನಂಬಿದ್ದ ಮಾತು. ಸೂತ್ರ ಸರಳವಾಗಿತ್ತು: ನೆಟ್‌ವರ್ಕ್ ನೋಡಿಕೊಳ್ಳುವುದನ್ನು ಎರಿಕ್ಸನ್, ನೋಕಿಯಾ ಸೀಮೆನ್ಸ್‌ನಂಥವರಿಗೆ, ಗಣಕ ವ್ಯವಸ್ಥೆಯನ್ನು ಐಬಿಎಂಗೆ ವಹಿಸು. ನಿಮಿಷದ ದರ ಇಳಿಸು. ಜನ ಎರಡು ಮೂರು ಪಟ್ಟು ಮಾತನಾಡುತ್ತಾರೆ, ಲಾಭ ತಾನಾಗಿ ಬರುತ್ತದೆ. 2010ರ ಆಗಸ್ಟ್‌ನಲ್ಲಿ ಕೀನ್ಯಾದಲ್ಲಿ ಕರೆ ದರವನ್ನು ನಿಮಿಷಕ್ಕೆ 6 ಶಿಲ್ಲಿಂಗ್‌ನಿಂದ 3ಕ್ಕೆ ಇಳಿಸಿದ್ದು ಈ ನಂಬಿಕೆಯ ಮೇಲೆ. ಆದರೆ ಅಲ್ಲಿ ಸಫಾರಿಕಾಮ್ ಎಂಬ ದೈತ್ಯ ಆಗಲೇ ಬೇರೂರಿತ್ತು. ಅದರ ಎಂ-ಪೆಸಾ ಹಣ ವರ್ಗಾವಣೆ ಜನರ ದಿನಬಳಕೆಯಾಗಿಬಿಟ್ಟಿತ್ತು. ಸಂಬಳ, ಶಾಲೆಯ ಶುಲ್ಕ, ಊರಿಗೆ ಕಳುಹಿಸುವ ಹಣ ಎಲ್ಲ ಒಂದು ಸಿಮ್‌ನಲ್ಲಿ ಇರುವಾಗ ಮೂರು ಶಿಲ್ಲಿಂಗ್ ಉಳಿಯುತ್ತದೆಂದು ಯಾರು ಸಿಮ್ ಬದಲಿಸುತ್ತಾರೆ? ಅನೇಕ ಕಡೆ ಮೊಬೈಲ್ ಗೋಪುರಗಳು ಡೀಸೆಲ್ ಜನರೇಟರ್ ಮೇಲೆ ನಡೆಯುತ್ತಿದ್ದವು. ಹದಿನೈದು ದೇಶಗಳಲ್ಲಿ ಹದಿನೈದು ನಿಯಂತ್ರಕರು, ಬೇರೆ ಬೇರೆ ತೆರಿಗೆ, ಬೇರೆ ಬೇರೆ ಭಾಷೆ. ದರ ಅರ್ಧವಾದರೂ ಮಾತು ದುಪ್ಪಟ್ಟಾಗಲಿಲ್ಲ.

ನೈಜೀರಿಯಾದ ಗ್ರಾಹಕನ ಪಾಡು ಇನ್ನೂ ವಿಚಿತ್ರ. 2001ರಲ್ಲಿ ಎಕೊನೆಟ್ ಎಂದು ಶುರುವಾದ ಆ ಕಂಪನಿ ವೊಡಾಕಾಮ್, ವಿಮೊಬೈಲ್, ಸೆಲ್‌ಟೆಲ್, ಜೈನ್ ಎಂದೆಲ್ಲ ಹೆಸರು ಬದಲಿಸಿ ಏರ್‌ಟೆಲ್ ಆಗುವಷ್ಟರಲ್ಲಿ ದಶಕ ತುಂಬಿರಲಿಲ್ಲ. ಮೊದಲ ಪಾಲುದಾರ ಎಕೊನೆಟ್ ಹೂಡಿದ್ದ ಹಳೆಯ ದಾವೆಯೂ ಬಳುವಳಿಯಾಗಿ ಬಂತು. ಕೊಳ್ಳುವವರು ಬೋರ್ಡನ್ನಷ್ಟೇ ಕೊಳ್ಳುವುದಿಲ್ಲ, ಹಿಂದಿನವರ ತಕರಾರನ್ನೂ ಕೊಳ್ಳುತ್ತಾರೆ.

'ಆಫ್ರಿಕಾ ಸೋತಿತು' ಎಂಬ ಮಾತೂ ಪೂರ್ತಿ ನಿಜವಲ್ಲ. ಕೊಂಡ ಕಾಲಕ್ಕೆ ಕಂಪನಿ 2012-13ರ ಹೊತ್ತಿಗೆ ಮೂರು ಗುರಿ ಮುಟ್ಟುವುದಾಗಿ ಹೇಳಿತ್ತು: 10 ಕೋಟಿ ಗ್ರಾಹಕರು, 500 ಕೋಟಿ ಡಾಲರ್ ಆದಾಯ, 200 ಕೋಟಿ ಡಾಲರ್ ಕಾರ್ಯಾಚರಣಾ ಲಾಭ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನದು). ಆ ವರ್ಷ ಬಂದಾಗ ಗ್ರಾಹಕರು 6 ಕೋಟಿ ಚಿಲ್ಲರೆ, ಆದಾಯ 440 ಕೋಟಿ ಡಾಲರ್ ಸಮೀಪ, ಲಾಭ ಗುರಿಯ ಅರ್ಧಕ್ಕಿಂತ ತುಸು ಮೇಲೆ. ನಾನು ಆ ಮೂರು ಸಂಖ್ಯೆಗಳನ್ನು ಬಿಡದೆ ಹಿಂಬಾಲಿಸಿದ್ದೇನೆ. 10 ಕೋಟಿ ಗ್ರಾಹಕರು ದಾಟಿದ್ದು 2019-20ರಲ್ಲಿ. 200 ಕೋಟಿ ಡಾಲರ್ ಲಾಭ ಕಂಡದ್ದು 2021-22ರಲ್ಲಿ. 500 ಕೋಟಿ ಡಾಲರ್ ಆದಾಯ ಮುಟ್ಟಿದ್ದು 2022-23ರಲ್ಲಿ, ಅಂದರೆ ಹೇಳಿದ್ದಕ್ಕಿಂತ ಸರಿಯಾಗಿ ಹತ್ತು ವರ್ಷ ತಡವಾಗಿ. ಗುರಿ ಹುಸಿಯಾಗಲಿಲ್ಲ, ಕ್ಯಾಲೆಂಡರ್ ಹುಸಿಯಾಯಿತು. ಸಾಲಕ್ಕೆ ಬಡ್ಡಿ ಕಟ್ಟುವವನಿಗೆ ಎರಡರ ನಡುವೆ ಬಹಳ ವ್ಯತ್ಯಾಸವಿಲ್ಲ ಎನ್ನುವುದು ಬೇರೆ ಮಾತು.

ಈ ಹತ್ತು ವರ್ಷಗಳಲ್ಲಿ ಅವರು ಸುಮ್ಮನೆ ಕೂರಲಿಲ್ಲ. ಗೋಪುರಗಳನ್ನು ಮಾರಿ ಬಾಡಿಗೆಗೆ ಪಡೆದರು. ನೈಜೀರಿಯಾದ ಗೋಪುರಗಳನ್ನೇ ಅಮೆರಿಕನ್ ಟವರ್ ಕಂಪನಿಗೆ ನೂರು ಕೋಟಿ ಡಾಲರಿಗೂ ಮೇಲೆ ಕೊಟ್ಟರು. ಬುರ್ಕಿನಾ ಫಾಸೊ, ಸಿಯೆರಾ ಲಿಯೋನ್‌ಗಳನ್ನು 2016ರಲ್ಲಿ ಫ್ರಾನ್ಸಿನ ಆರೆಂಜ್‌ಗೆ ಮಾರಿ ಹೊರಬಂದರು. ಘಾನಾದಲ್ಲಿ ಟಿಗೊ ಎಂಬ ಇನ್ನೊಂದು ಕಂಪನಿಯ ಜೊತೆ ವಿಲೀನವಾಗಿ, ಅದೂ ದಡ ಸೇರದೆ, 2021ರಲ್ಲಿ ಅಲ್ಲಿನ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಬಾಂಗ್ಲಾದೇಶದ ವ್ಯವಹಾರ 2016ರಲ್ಲಿ ಅಲ್ಲಿನ ರೋಬಿ ಕಂಪನಿಯೊಳಗೆ ಸೇರಿಹೋಯಿತು, ಶ್ರೀಲಂಕಾದ್ದು 2024ರಲ್ಲಿ ಡಯಲಾಗ್‌ನೊಳಗೆ. ನೀವು ಗೆರೆ ಎಳೆದದ್ದನ್ನು ನೋಡಿದ ದೇಶಗಳಲ್ಲಿ ಕೆಲವು ಇಂದಿನ ವರದಿಯಲ್ಲಿ ಸಿಗುವುದಿಲ್ಲ. ದೇಶ ಬಿಡುವಾಗ ಕಂಪನಿಗಳು ಲಾಂಛನ ಬಿಡುಗಡೆಯಂಥ ಸಮಾರಂಭ ಮಾಡುವುದಿಲ್ಲವಾದ್ದರಿಂದ ಇದನ್ನು ಓದುಗರೇ ಹುಡುಕಬೇಕು.

ಈಗ ಡಾಲರ್ ವಿಷಯ. 'ವಿದೇಶಿ ಆದಾಯ ಇದ್ದರೆ ರೂಪಾಯಿ ಕುಸಿದರೂ ರಕ್ಷಣೆ' ಎಂದು ಬಹಳ ಜನ ನಂಬಿದ್ದಾರೆ. ಸಾಫ್ಟ್‌ವೇರ್ ಕಂಪನಿಗಳನ್ನು ನೋಡಿ ಬೆಳೆದ ನಂಬಿಕೆ ಇದು. ಅವುಗಳಿಗೆ ಬರುವುದು ಡಾಲರ್. ಲಾಗೋಸ್‌ನ ಗ್ರಾಹಕ ರೀಚಾರ್ಜ್ ಮಾಡಿಸುವುದು ನೈಜೀರಿಯಾದ ಹಣವಾದ ನೈರಾದಲ್ಲಿ. ಹಾಲು ಮಾರಿ ಬಂದ ದುಡ್ಡಿನಲ್ಲಿ ತೊಲದ ಲೆಕ್ಕದ ಚಿನ್ನದ ಸಾಲ ತೀರಿಸಬೇಕಾದ ಮನೆಯ ಸ್ಥಿತಿ ಅದು: ಹಸು ಎಷ್ಟು ಚೆನ್ನಾಗಿ ಕರೆದರೂ ಚಿನ್ನದ ಬೆಲೆ ಏರಿದ ದಿನ ಲೆಕ್ಕ ತಲೆಕೆಳಗಾಗುತ್ತದೆ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. 2023ರ ಜೂನ್‌ಗೆ ಮೊದಲು ಒಂದು ಡಾಲರಿಗೆ ಸುಮಾರು 460 ನೈರಾ ಇತ್ತು. ತಿಂಗಳಿಗೆ 1,000 ನೈರಾ ಖರ್ಚು ಮಾಡುವ ಗ್ರಾಹಕನಿಂದ ಕಂಪನಿಯ ಪುಸ್ತಕಕ್ಕೆ 2 ಡಾಲರ್ 17 ಸೆಂಟ್ ಬರುತ್ತಿತ್ತು. ಆ ತಿಂಗಳು ಸರ್ಕಾರ ವಿನಿಮಯ ದರದ ಹಿಡಿತ ಸಡಿಲಿಸಿತು. ಮುಂದಿನ ವರ್ಷದ ಮಧ್ಯಕ್ಕೆ ದರ 1,500 ನೈರಾದ ಸುತ್ತ ಇತ್ತು. ಅದೇ ಗ್ರಾಹಕ ಹೆಚ್ಚು ಡೇಟಾ ಬಳಸಿ 1,400 ನೈರಾ ಖರ್ಚು ಮಾಡಿದ ಎನ್ನಿ. ಅಲ್ಲಿನ ವ್ಯವಸ್ಥಾಪಕನಿಗೆ 40 ಶೇಕಡಾ ಬೆಳವಣಿಗೆ. ಪುಸ್ತಕಕ್ಕೆ ಬಂದದ್ದು 93 ಸೆಂಟ್. ಸಾಲದ ಕಂತು ಮಾತ್ರ ಡಾಲರಿನಲ್ಲಿ, ಒಂದು ಸೆಂಟೂ ಕಡಿಮೆಯಿಲ್ಲದೆ.

2023-24ರಲ್ಲಿ ಏರ್‌ಟೆಲ್ ಆಫ್ರಿಕಾದ ಆದಾಯ 'ಸ್ಥಿರ ವಿನಿಮಯ ದರ'ದ ಲೆಕ್ಕದಲ್ಲಿ, ಅಂದರೆ ವಿನಿಮಯ ದರ ಬದಲಾಗಲೇ ಇಲ್ಲ ಎಂದು ಹಿಡಿದರೆ, 20.9 ಶೇಕಡಾ ಏರಿತು, ಡಾಲರ್ ಲೆಕ್ಕದಲ್ಲಿ 5.3 ಶೇಕಡಾ ಇಳಿಯಿತು. ಆ ವರ್ಷ ತೆರಿಗೆಯ ನಂತರ 8.9 ಕೋಟಿ ಡಾಲರ್ ನಷ್ಟ. ಮರುವರ್ಷ ನೈರಾ ಸ್ವಲ್ಪ ನಿಂತ ಮೇಲೆ 32.8 ಕೋಟಿ ಡಾಲರ್ ಲಾಭ. ವ್ಯವಹಾರ ಒಂದೇ, ಗ್ರಾಹಕರು ಎರಡೂ ವರ್ಷ ಹೆಚ್ಚಿದರು. ಸ್ಥಿರ ದರದ ಸಂಖ್ಯೆ ಸುಳ್ಳಲ್ಲ. ಜನರಿಗೆ ಸೇವೆ ಬೇಕಾಗಿದೆಯೇ ಎಂಬುದನ್ನು ಅದು ಸರಿಯಾಗಿ ಹೇಳುತ್ತದೆ. ಆದರೆ ಲಾಭಾಂಶ ಕೊಡುವುದು ಸ್ಥಿರ ದರದಲ್ಲಿ ಅಲ್ಲ. ಪತ್ರಿಕಾ ಪ್ರಕಟಣೆಯ ಮೊದಲ ಸಾಲಿನಲ್ಲಿ ಎರಡರಲ್ಲಿ ಯಾವ ಸಂಖ್ಯೆ ಇದೆ ಎಂದು ನೋಡುವುದು ನನಗೆ ಈಗ ಚಟವೇ ಆಗಿದೆ.

ಈ ಪೆಟ್ಟಿನಿಂದ ಅವರು ಕಲಿತದ್ದೂ ಇದೆ. ಇತ್ತೀಚೆಗೆ ಡಾಲರ್ ಸಾಲವನ್ನು ತೀರಿಸುತ್ತ, ಆಯಾ ದೇಶದ ಹಣದಲ್ಲೇ ಅಲ್ಲಿಯ ಕಂಪನಿಯ ಮೇಲೆ ಸಾಲ ಎತ್ತುವ ಕ್ರಮಕ್ಕೆ ತಿರುಗಿದ್ದಾರೆ. ಮೊಬೈಲ್ ಹಣದ ವ್ಯವಹಾರವನ್ನು ಪ್ರತ್ಯೇಕ ಕಂಪನಿ ಮಾಡಿ 2021ರಲ್ಲಿ ಹೂಡಿಕೆ ಸಂಸ್ಥೆ ಟಿಪಿಜಿ, ಮಾಸ್ಟರ್‌ಕಾರ್ಡ್‌ಗಳಿಂದ 265 ಕೋಟಿ ಡಾಲರ್ ಮೌಲ್ಯದ ಲೆಕ್ಕದಲ್ಲಿ ಬಂಡವಾಳ ತಂದರು. 2010ರಲ್ಲಿ ಕೀನ್ಯಾದಲ್ಲಿ ಯಾವುದರೆದುರು ಸೋತರೋ ಅದನ್ನೇ ಉಗಾಂಡಾ, ಜಾಂಬಿಯಾ, ಮಲಾವಿಗಳಲ್ಲಿ ತಾವು ಬೆಳೆಸಿಕೊಂಡರು. ನನ್ನ ಅಂದಾಜಿನಲ್ಲಿ ಆ ಖರೀದಿಯ ನಿಜವಾದ ಫಲ ಕರೆಯ ನಿಮಿಷಗಳಲ್ಲ, ಇದು. 2010ರ ಯೋಜನೆಯಲ್ಲಿ ಇದಕ್ಕೆ ಮೂಲೆಯ ಜಾಗವಷ್ಟೇ ಇತ್ತು.

ಹಾಗಾದರೆ ಷೇರು ಹತ್ತು ವರ್ಷ ಏಕೆ ಮಲಗಿತು? ಆಫ್ರಿಕಾ ಒಂದು ಕಾರಣ, ಆದರೆ ದೊಡ್ಡ ಏಟುಗಳು ಮನೆಯಲ್ಲೇ ಬಿದ್ದವು. 2009ರ ದರ ಸಮರ ಮುಗಿಯುವ ಹೊತ್ತಿಗೆ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. 2019ರ ಅಕ್ಟೋಬರ್ 24ರಂದು ಎಜಿಆರ್ (ಸರ್ಕಾರಕ್ಕೆ ಕಟ್ಟುವ ಶುಲ್ಕವನ್ನು ಯಾವ ಆದಾಯದ ಮೇಲೆ ಎಣಿಸಬೇಕು ಎಂಬ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಂಪನಿಗಳ ವಿರುದ್ಧ ತೀರ್ಪು ಕೊಟ್ಟಿತು. ಅದರ ಹೊರೆಯನ್ನು ಲೆಕ್ಕಕ್ಕೆ ಹಿಡಿದು, ಸೆಪ್ಟೆಂಬರ್ ಕೊನೆಗೆ ಮುಗಿದಿದ್ದ ಒಂದೇ ತ್ರೈಮಾಸಿಕಕ್ಕೆ ಏರ್‌ಟೆಲ್ 23,045 ಕೋಟಿ ರೂಪಾಯಿ ನಷ್ಟ ತೋರಿಸಿತು. ಆಮೇಲೆ ಬೆಲೆ ಏರಿದ್ದಕ್ಕೂ ಮುಖ್ಯ ಕಾರಣ ಮನೆಯಲ್ಲೇ ಇದೆ: ಸ್ಪರ್ಧಿಗಳು ಬೆರಳೆಣಿಕೆಗೆ ಇಳಿದರು, ರೀಚಾರ್ಜ್ ದರ ಏರಿತು. 2019ರ ಸೆಪ್ಟೆಂಬರ್‌ನಲ್ಲಿ ಪ್ರತಿ ಗ್ರಾಹಕನಿಂದ ತಿಂಗಳಿಗೆ 128 ರೂಪಾಯಿ ಬರುತ್ತಿದ್ದದ್ದು 2025ರ ಮಾರ್ಚ್‌ಗೆ 245 ಆಯಿತು. ನಿಮ್ಮ ಫೋನಿನ ಬಿಲ್ ಏರಿದ್ದಕ್ಕೂ ನಿಮ್ಮ ಷೇರು ಏರಿದ್ದಕ್ಕೂ ಕಾರಣ ಒಂದೇ. ಕೊಡುವುದು ಎಡಗೈ, ಪಡೆಯುವುದು ಬಲಗೈ. ಷೇರಿಲ್ಲದ ಗ್ರಾಹಕರಿಗೆ ಎಡಗೈ ಮಾತ್ರ.

ಇಷ್ಟಾದ ಮೇಲೆ ನಿಮ್ಮ ಮುಂದಿರುವ ದಾರಿಗಳು.

ಪೂರ್ತಿ ಇಟ್ಟುಕೊಳ್ಳಬಹುದು. ಆಗ ನಿಮ್ಮ ಹಣ ಮುಖ್ಯವಾಗಿ ಭಾರತದ ಮೊಬೈಲ್ ದರಗಳ ಮೇಲೆ, ಸ್ವಲ್ಪ ಮಟ್ಟಿಗೆ ಆಫ್ರಿಕಾದ ಮೇಲೆ ನಿಂತಿರುತ್ತದೆ. ಏರ್‌ಟೆಲ್‌ಗೆ ಆಫ್ರಿಕಾ ಕಂಪನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿದೆ, ಪೂರ್ತಿ ಇಲ್ಲ. ಒಟ್ಟು ಲೆಕ್ಕದಲ್ಲಿ ಆದಾಯ ಪೂರ್ತಿ ಸೇರುತ್ತದೆ, ಲಾಭದಲ್ಲಿ ಹೊರಗಿನವರ ಪಾಲು ಕಳೆದುಹೋಗುತ್ತದೆ. ಅಪಾಯವೆಂದರೆ ದರ ಏರಿಕೆಗೆ ಒಂದು ಮಿತಿ ಇದೆ, ಸರ್ಕಾರದ ಕಣ್ಣೂ ಅದರ ಮೇಲಿರುತ್ತದೆ. ನೀವು ಪತ್ರದಲ್ಲಿ ಹೇಳದೆ ಬಿಟ್ಟ ಸಂಗತಿಯೊಂದನ್ನು ಕೇಳಬೇಕು: ಪಿಂಚಣಿ ಬಿಟ್ಟರೆ ನಿಮ್ಮ ಉಳಿತಾಯದಲ್ಲಿ ಈ ಒಂದು ಷೇರಿನ ಪಾಲೆಷ್ಟು? 45 ರೂಪಾಯಿಯ ಷೇರು 2009ರಲ್ಲಿ ಎರಡಾಗಿ ಸೀಳಿದೆ. ಆದ್ದರಿಂದ ನಿಮ್ಮ ಅಸಲು ಈಗಿನ ಒಂದು ಷೇರಿಗೆ 22 ರೂಪಾಯಿ 50 ಪೈಸೆ. ಇಷ್ಟು ಬೆಳೆದದ್ದು ಗೊತ್ತಿಲ್ಲದೆಯೇ ಉಳಿತಾಯದ ಅರ್ಧ ಆಗಿಬಿಟ್ಟಿರಬಹುದು. ಹಾಗಿದ್ದರೆ ಕಂಪನಿ ಎಷ್ಟೇ ಚೆನ್ನಾಗಿರಲಿ, ನಿಮ್ಮ ವಯಸ್ಸಿನಲ್ಲಿ ಅದು ಹೆಚ್ಚಾಯಿತು.

ಸ್ವಲ್ಪ ಸ್ವಲ್ಪವಾಗಿ ಮಾರಬಹುದು. ನಿಮ್ಮ ಸ್ಥಿತಿಯಲ್ಲಿ ಹಲವರಿಗೆ ನಾನು ಹೇಳುವುದು ಇದನ್ನೇ. ದೀರ್ಘಾವಧಿ ಲಾಭದಲ್ಲಿ ಆರ್ಥಿಕ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ 12.5 ಶೇಕಡಾ. ಮಾರ್ಚ್‌ನಲ್ಲಿ ಒಂದಿಷ್ಟು, ಏಪ್ರಿಲ್‌ನಲ್ಲಿ ಒಂದಿಷ್ಟು ಮಾರಿದರೆ ಎರಡು ವರ್ಷಗಳ ವಿನಾಯಿತಿ ಸಿಗುತ್ತದೆ. ಹಳೆಯ ಷೇರಾದ್ದರಿಂದ 22 ರೂಪಾಯಿಯಿಂದ ಲಾಭ ಎಣಿಸಬೇಕಿಲ್ಲ. 2018ರ ಜನವರಿ 31ರ ಮಾರುಕಟ್ಟೆ ಬೆಲೆಯನ್ನು ಅಸಲೆಂದು ಹಿಡಿಯುವ ಅವಕಾಶವಿದೆ, ಯಜಮಾನರಿಂದ ಬಂದ ಷೇರಿಗೂ ಅದು ಅನ್ವಯಿಸುತ್ತದೆ. ಮಾರಿದ ಮೇಲೆ ಬೆಲೆ ಇನ್ನೂ ಏರಬಹುದು. ಆ ಸಂಕಟ ತಡೆಯಲಾರಿರಿ ಎಂದಾದರೆ ಈ ದಾರಿ ಬೇಡ.

ಲಂಡನ್ನಿನ ಷೇರು ಕೊಳ್ಳುವುದು ಮೂರನೆಯದು. ಕಾನೂನಿನ ಅಡ್ಡಿ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು. ಹತ್ತು ಲಕ್ಷ ರೂಪಾಯಿ ಮೀರಿದ ಹೂಡಿಕೆಗೆ ಬ್ಯಾಂಕು 20 ಶೇಕಡಾ ಮುಂಗಡ ತೆರಿಗೆ ಹಿಡಿಯುತ್ತದೆ, ರಿಟರ್ನ್ ಸಲ್ಲಿಸಿದಾಗ ಅದು ಹೊಂದಾಣಿಕೆಯಾಗುತ್ತದೆ. ಲಂಡನ್ನಿನಲ್ಲಿ ಕೊಳ್ಳುವಾಗ ಅರ್ಧ ಶೇಕಡಾ ಮುದ್ರಾಂಕ ತೆರಿಗೆ ಬೇರೆ. ಪ್ರತಿ ವರ್ಷ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಇದನ್ನು ನಮೂದಿಸಲೇಬೇಕು, ಮರೆತರೆ ದಂಡದ ಕಾಟ. 2019ರ ಜೂನ್‌ನಲ್ಲಿ 80 ಪೆನ್ಸ್‌ಗೆ ನೀಡಿದ ಆ ಷೇರು ಮೊದಲ ದಿನವೇ ಅದಕ್ಕಿಂತ ಕೆಳಗೆ ಇಳಿದಿತ್ತು, ಆಮೇಲೆ ಎಷ್ಟೋ ಪಟ್ಟು ಏರಿದೆ. ನಿಮ್ಮ ಅಣ್ಣನ ಮಗ ಎರಡನೆಯ ಭಾಗ ಮಾತ್ರ ಹೇಳಿರಬೇಕು. ವಿನಿಮಯ ದರದ ಜೊತೆಗೆ ನೀತಿಯ ಅಪಾಯವೂ ಇದೆ. ತಾಂಜಾನಿಯಾದಲ್ಲಿ ಸರ್ಕಾರ ಹಳೆಯ ಖಾಸಗೀಕರಣವನ್ನೇ ಪ್ರಶ್ನಿಸಿ ತಕರಾರು ತೆಗೆಯಿತು. 2019ರ ರಾಜಿಯಲ್ಲಿ ಅದರ ಪಾಲು 40ರಿಂದ 49 ಶೇಕಡಾಕ್ಕೆ ಏರಿತು, ಆ ಪಾಲಿಗೆ ನಗದು ಕೊಡದೆಯೇ. ಮೂವತ್ತರ ಹರೆಯದವರು ಸಣ್ಣ ಮೊತ್ತ ಹಾಕಿ ಕಾದು ನೋಡಬಹುದು. ನಿಮಗೆ ಏರ್‌ಟೆಲ್ ಮೂಲಕ ಆಗಲೇ ಇರುವ ಆಫ್ರಿಕಾ ಸಾಕು.

ಮುಂದಿನ ವರದಿ ಬಂದಾಗ ಪೆನ್ಸಿಲ್ ಹಿಡಿದೇ ಓದಿ, ಆದರೆ ದೇಶಗಳ ಹೆಸರಿನ ಕೆಳಗಲ್ಲ. ಹಣ ಯಾವ ನಾಣ್ಯದಲ್ಲಿ ಬರುತ್ತಿದೆ, ಸಾಲ ಯಾವ ನಾಣ್ಯದಲ್ಲಿದೆ, ಯಾವ ವರ್ಷ ತೀರಿಸಬೇಕು ಎಂಬುದು ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಎರಡು ವರ್ಷ ಹಿಂದಿನ ವರದಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಆಗ ಕೊಟ್ಟ ಮಾತು ಈಗ ಯಾವ ಪುಟದಲ್ಲಿದೆ, ಅಥವಾ ಎಲ್ಲೂ ಇಲ್ಲವೇ ಎಂದು ಹುಡುಕಿ.

ಇನ್ನೊಂದು ಸಂಗತಿ. ಕಂಪನಿ 2019ರಲ್ಲಿ 67 ಷೇರಿಗೆ 19ರಂತೆ 220 ರೂಪಾಯಿಗೆ, 2021ರಲ್ಲಿ 14ಕ್ಕೆ ಒಂದರಂತೆ 535 ರೂಪಾಯಿಗೆ ಹಕ್ಕಿನ ಷೇರು (ಇರುವ ಷೇರುದಾರರಿಗೇ ಕೊಡುವ ಹೊಸ ಷೇರು) ಕೊಟ್ಟಿತ್ತು. ಎರಡನೆಯದಕ್ಕೆ ಹಣ ಕಂತಿನಲ್ಲಿ ಕಟ್ಟಬೇಕಿತ್ತು. ಯಜಮಾನರು ಮೊದಲ ಕಂತು ಕಟ್ಟಿದ್ದರೇ, ಉಳಿದದ್ದು ಬಾಕಿ ಇದೆಯೇ ಎಂದು ಷೇರು ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್ ಸಂಸ್ಥೆಗೆ ಬರೆದು ಕೇಳಿ. ಪಡೆಯದೆ ಉಳಿದ ಲಾಭಾಂಶ ಏಳು ವರ್ಷ ದಾಟಿದರೆ ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತದೆ, ಅದರ ಹಿಂದೆಯೇ ಷೇರುಗಳೂ ಹೋಗುತ್ತವೆ. ಮರಳಿ ಪಡೆಯಬಹುದು, ಓಡಾಟ ಬಹಳ. ಷೇರುಗಳು ಇನ್ನೂ ಅವರ ಡಿಮ್ಯಾಟ್ ಖಾತೆಯಲ್ಲೇ ಇದ್ದರೆ ನೀವು ಇಡುವ, ಮಾರುವ ತೀರ್ಮಾನಕ್ಕೆ ಮೊದಲು ಮರಣ ಪ್ರಮಾಣಪತ್ರ, ನಾಮನಿರ್ದೇಶನದ ದಾಖಲೆ ಹಿಡಿದು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ನಾಮನಿರ್ದೇಶನ ಆಗಿರದಿದ್ದರೆ ಉಳಿದ ವಾರಸುದಾರರ ಒಪ್ಪಿಗೆ ಪತ್ರವೂ ಬೇಕಾಗುತ್ತದೆ. ಅದಕ್ಕೆ ತಿಂಗಳುಗಳು ಹಿಡಿಯಬಹುದು, ಈ ವಾರವೇ ಶುರು ಮಾಡಿ.